ಪುಟ್ಟ ಮಕ್ಕಳ ಕೈಗೆ ಟ್ಯಾಬ್: ಜಗಲಿಯ ಮಾತು ಮತ್ತು ವಾಸ್ತವ

ಶಿಕಾರಿಪುರ, ಸೊರಬ ಸೀಮೆಯ ಬದುಕು ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿಯ ಹಿಂದೆ ಓಡುತ್ತದೆ. ಕೊಯ್ಲು ಬಂತೆಂದರೆ, ಅಡಿಕೆ ಸುಲಿಯುವ ಕಾಲ ಬಂತೆಂದರೆ ಮನೆಯಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ. ಉಡುತಡಿಯಂಥ ಊರಿನಲ್ಲಿ ಆ ಹೊತ್ತಿಗೆ ಮೂರು ವರ್ಷದ ಮಗುವನ್ನು ಯಾರು ನೋಡಿಕೊಳ್ಳಬೇಕು? ಮೊದಲು ಅಜ್ಜಿ, ಅಕ್ಕ, ಪಕ್ಕದ ಮನೆಯವರು. ಈಗ ಫೋನು, ಸ್ವಲ್ಪ ದುಡ್ಡು ಕೂಡಿದ್ದರೆ ಟ್ಯಾಬು. ಅದರಲ್ಲಿ ಅಕ್ಷರದ ಆಟ, ಬಣ್ಣದ ಆಟ, ಎಣಿಕೆಯ ಆಟ. ಮಗು ಒಂದು ಕಡೆ ಕೂತಿರುತ್ತದೆ, ನಾಲ್ಕಕ್ಷರವನ್ನೂ ಕಲಿಯುತ್ತದೆ ಎಂಬ ಸಮಾಧಾನ ನಮಗೆ.

ಈ ಸಮಾಧಾನದ ಸುತ್ತ ನಂಬಿಕೆಗಳೂ ಬೆಳೆದಿವೆ, ಭಯಗಳೂ ಬೆಳೆದಿವೆ. ಟ್ಯಾಬ್ ಮಾರಲು ಬರುವವರದು ಒಂದು ಮಾತು, ವಾಟ್ಸಾಪಿನಲ್ಲಿ ತೇಲಿಬರುವ ಎಚ್ಚರಿಕೆಗಳದ್ದು ಅದಕ್ಕೆ ಪೂರ್ತಿ ವಿರುದ್ಧದ ಮಾತು. ಒಂದು ದಿನ ಅದನ್ನು, ಇನ್ನೊಂದು ದಿನ ಇದನ್ನು ನಂಬುತ್ತ ಬಂದವರು ನಾವು. ಈಗಲಾದರೂ ಒಂದೊಂದನ್ನೇ ಬಿಡಿಸಿ ನೋಡಬೇಕು.

ತಪ್ಪು ಕಲ್ಪನೆ: ಎರಡು ವರ್ಷದ ಮಗು ತಾನಾಗಿ ಆಟ ತೆರೆದುಕೊಳ್ಳುತ್ತದೆ, ಬೇಕಾದ್ದನ್ನು ಹುಡುಕುತ್ತದೆ. ಇಷ್ಟು ಚುರುಕಾದ ಮಗು ಅದರಿಂದ ಕಲಿಯುತ್ತಲೂ ಇರುತ್ತದೆ.

ವಾಸ್ತವ: ಬೆರಳಿನ ಚುರುಕೇ ಬೇರೆ, ಕಲಿಕೆಯೇ ಬೇರೆ. ಮುಟ್ಟಿದರೆ ತೆರೆಯುವ, ಸವರಿದರೆ ಸರಿಯುವ ಪರದೆಯನ್ನು ಯಾರು ಬೇಕಾದರೂ ಬಳಸಲು ಬರುವಂತೆಯೇ ಮಾಡಿದ್ದಾರೆ. ಮಗು ಅದನ್ನು ಬಳಸಿದರೆ ಅದು ಮಾಡಿದವರ ಜಾಣ್ಮೆ. ಪರದೆಯಲ್ಲಿ ಕಲಿತದ್ದನ್ನು ಮಗು ಹೊರಗಿನ ವಸ್ತುವಿಗೆ ಅನ್ವಯಿಸುತ್ತದೆಯೇ ಎಂಬುದು ನಾವು ಕೇಳಬೇಕಾದ ಪ್ರಶ್ನೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡೂವರೆ ಮತ್ತು ಮೂರು ವರ್ಷದ ಮಕ್ಕಳಿಗೆ ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವುದನ್ನು ತೋರಿಸಿಕೊಟ್ಟರು. ಟಚ್ ಸ್ಕ್ರೀನಿನಲ್ಲಿ ನೋಡಿದ್ದನ್ನು ನಿಜವಾದ ಹಲಗೆಯ ಮೇಲೆ ಮಾಡುವಾಗ ಮಕ್ಕಳು ಎಡವಿದರು. ಹಲಗೆಯಲ್ಲಿ ನೋಡಿದ್ದನ್ನು ಪರದೆಯ ಮೇಲೆ ಮಾಡುವಾಗಲೂ ಎಡವಿದರು. ಈ ವಯಸ್ಸಿಗೆ ಪರದೆಯ ಲೋಕ ಮತ್ತು ಕೈಗೆ ಸಿಗುವ ಲೋಕ ಎರಡು ಬೇರೆ ಬೇರೆ ಊರುಗಳು.

ವಯಸ್ಸಾದಂತೆ ಈ ಅಂತರ ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ 2016ರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಬಿಲ್ಲೆಗಳನ್ನು ಕಂಬದಿಂದ ಕಂಬಕ್ಕೆ ವರ್ಗಾಯಿಸುವ ಒಗಟನ್ನು ಟ್ಯಾಬಿನಲ್ಲಿ ಕೊಟ್ಟರು. ಅಲ್ಲಿ ಅಭ್ಯಾಸ ಮಾಡಿದವರು ಮರದ ಒಗಟನ್ನೂ ಚೆನ್ನಾಗಿ ಬಿಡಿಸಿದರು. ಆದ್ದರಿಂದ ಟ್ಯಾಬಿನಿಂದ ಏನೂ ಬರುವುದಿಲ್ಲ ಎನ್ನುವುದೂ ಸುಳ್ಳು. ಎರಡು ವರ್ಷದ ಮಗುವಿಗೂ ಐದು ವರ್ಷದ ಮಗುವಿಗೂ ಒಂದೇ ಅಳತೆ ಹಿಡಿಯುವುದರಲ್ಲಿ ನಾವು ತಪ್ಪುತ್ತಿದ್ದೇವೆ.

ತಪ್ಪು ಕಲ್ಪನೆ: ಟ್ಯಾಬ್ ದಿನವಿಡೀ ಮಾತಾಡುತ್ತದೆ, ಹಾಡುತ್ತದೆ. ಅದನ್ನು ಕೇಳಿ ಕೇಳಿ ಮಗುವಿಗೆ ಬೇಗ ಮಾತು ಬರುತ್ತದೆ.

ವಾಸ್ತವ: ಎಲ್ಲಕ್ಕಿಂತ ಹೆಚ್ಚು ನಿಂತು ಯೋಚಿಸಬೇಕಾದದ್ದು ಇಲ್ಲಿ. ಮಾತು ಕಿವಿಗೆ ಬಿದ್ದರೆ ಸಾಲದು, ಆ ಮಾತು ತನಗೆಂದೇ ಬಂದದ್ದು ಎಂದು ಮಗುವಿಗೆ ಅನ್ನಿಸಬೇಕು. ಅಮೆರಿಕದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಕೆಲವು ಕೂಸುಗಳ ಎದುರು ಒಬ್ಬರು ಕೂತು ಆಡುತ್ತ, ಓದುತ್ತ ಮಾತಾಡಿದರು. ಇನ್ನು ಕೆಲವಕ್ಕೆ ಅದೇ ಜನರ ಅದೇ ಮಾತನ್ನು ಪರದೆಯಲ್ಲಿ ತೋರಿಸಿದರು. ಎದುರಿಗೆ ಮನುಷ್ಯರಿದ್ದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಪರದೆ ನೋಡಿದವು ಕಲಿಯಲಿಲ್ಲ. ಮಾತು ಒಂದೇ, ಹೊತ್ತು ಒಂದೇ. ಇಲ್ಲದೆ ಹೋದದ್ದು ಮನುಷ್ಯರು ಮಾತ್ರ.

ಇದಕ್ಕೆ ಇನ್ನೊಂದು ಮುಖವಿದೆ. ಪರದೆ ಉರಿಯುವಾಗ ಮನೆಯವರೂ ಮಾತು ನಿಲ್ಲಿಸುತ್ತಾರೆ. ಆಸ್ಟ್ರೇಲಿಯಾದ 220 ಕುಟುಂಬಗಳಲ್ಲಿ ಮಗುವಿನ ಮೈಮೇಲೆ ಪುಟ್ಟ ಧ್ವನಿಯಂತ್ರ ಇಟ್ಟು ಅಳೆದರು. ಫಲಿತಾಂಶ 2024ರಲ್ಲಿ ಬಂತು. ಮೂರು ವರ್ಷದ ಮಗುವಿನ ಪರದೆಯ ಹೊತ್ತು ಒಂದೊಂದು ನಿಮಿಷ ಹೆಚ್ಚಿದಂತೆ ಅದರ ಕಿವಿಗೆ ಬೀಳುವ ದೊಡ್ಡವರ ಮಾತಿನಲ್ಲಿ ಸುಮಾರು 7 ಪದ ಕಡಿಮೆ, ಮಗು ತಾನು ಆಡುವ ಸೊಲ್ಲಿನಲ್ಲಿ ಸುಮಾರು 5 ಕಡಿಮೆ. ಒಂದು ಗಂಟೆಗೆ ಲೆಕ್ಕ ಹಾಕಿ. ಟ್ಯಾಬ್ ಏನು ಕಲಿಸಿತು ಎಂದು ಕೇಳುತ್ತೇವೆ, ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಿಂತುಹೋಯಿತು ಎಂದು ಕೇಳುವುದಿಲ್ಲ.

ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಅಪ್ಪ ವಿಡಿಯೊ ಕರೆ ಮಾಡಿ ಮಗುವನ್ನು ಮಾತಾಡಿಸುತ್ತಾನಲ್ಲ, ಅದೂ ಪರದೆಯೇ ತಾನೆ? ಅದು ಬೇರೆ. ಅಲ್ಲಿ ಮಗು ನಕ್ಕರೆ ಅಪ್ಪ ನಗುತ್ತಾನೆ, ಮಗು ಕೇಳಿದರೆ ಉತ್ತರ ಬರುತ್ತದೆ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕರೆಯಲ್ಲಿ ಹೊಸ ಪದ ಕಲಿತದ್ದು, ಮುದ್ರಿಸಿಟ್ಟ ವಿಡಿಯೊದಲ್ಲಿ ಕಲಿಯದೇ ಹೋದದ್ದು 2014ರ ಒಂದು ಅಧ್ಯಯನದಲ್ಲಿ ದಾಖಲಾಗಿದೆ. ಅಪ್ಪನ ಕರೆಯನ್ನು ಟ್ಯಾಬಿನ ಗಂಟೆಗೆ ಸೇರಿಸಿ ಚಿಂತೆ ಮಾಡಬೇಕಾಗಿಲ್ಲ.

ತಪ್ಪು ಕಲ್ಪನೆ: ಮಾತು ತಡವಾದರೆ ಬಜೆ ತೇಯ್ದು ನಾಲಗೆಗೆ ಹಚ್ಚಿದರೆ ಸಾಕು, ಉಳಿದದ್ದನ್ನು ಟ್ಯಾಬ್ ನೋಡಿಕೊಳ್ಳುತ್ತದೆ.

ವಾಸ್ತವ: ಬಜೆಯ ಮೇಲಿನ ನಂಬಿಕೆ ಹಳೆಯದು, ಅದರ ಹಿಂದೆ ಇರುವುದು ಮಗುವಿನ ಮೇಲಿನ ಕಾಳಜಿಯೇ. ಆದರೆ ಮಾತು ನಾಲಗೆಯ ದಪ್ಪದಿಂದ ತಡವಾಗುವುದಿಲ್ಲ. ಕೇಳುವ ಕಿವಿ, ಅರ್ಥಮಾಡಿಕೊಳ್ಳುವ ಮಿದುಳು, ಮಾತಾಡಿಸುವ ಜನ, ಇವುಗಳಿಂದ ಮಾತು ಬರುತ್ತದೆ. ಜೊತೆಗೆ ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತರುವುದು ಕಂಡುಬಂದು ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಕೂಸಿನ ಬಾಯಿಗೆ ಅದು ಬೇಡ. ಒಂದು ಮಾತು ಮಾತ್ರ ಹೇಳಬೇಕು: ಬಜೆ ಹಚ್ಚುವ ಅಜ್ಜಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಾತಾಡಿಸುತ್ತಲೇ ಹಚ್ಚುತ್ತಿದ್ದಳು. ಬಜೆಯನ್ನು ಬಿಡೋಣ, ಮಾತಾಡಿಸುವುದನ್ನು ಉಳಿಸಿಕೊಳ್ಳೋಣ.

ತಪ್ಪು ಕಲ್ಪನೆ: ಆ್ಯಪಿನ ಮೇಲೆ ಶೈಕ್ಷಣಿಕ ಎಂದು ಬರೆದಿದ್ದರೆ ಯಾರೋ ಪರೀಕ್ಷೆ ಮಾಡಿಯೇ ಬರೆದಿರುತ್ತಾರೆ.

ವಾಸ್ತವ: ಆ್ಯಪಿನ ಮೇಲೆ ಹಾಗೆ ಬರೆಯುವವರು ಅದನ್ನು ಮಾಡಿದವರೇ. 2021ರಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ 124 ಶೈಕ್ಷಣಿಕ ಆ್ಯಪ್‌ಗಳನ್ನು ಒರೆಗೆ ಹಚ್ಚಿದರು. ಮಗು ತಲೆ ಓಡಿಸಬೇಕೇ, ಗಮನ ಒಂದೆಡೆ ನಿಲ್ಲುತ್ತದೆಯೇ, ಕಲಿತದ್ದು ಅದರ ಬದುಕಿಗೆ ತಾಕುತ್ತದೆಯೇ, ಇನ್ನೊಬ್ಬರೊಡನೆ ಬೆರೆಯಲು ಅವಕಾಶವಿದೆಯೇ: ಅವರ ಪ್ರಶ್ನೆ ಈ ನಾಲ್ಕೇ. ನೂರಕ್ಕೆ 58 ಆ್ಯಪ್‌ಗಳು ಕೆಳಮಟ್ಟದ ಅಂಕ ಪಡೆದವು. ಹಾಗೆಯೇ 2019ರಲ್ಲಿ ಪುಟ್ಟ ಮಕ್ಕಳ 135 ಆ್ಯಪ್‌ಗಳನ್ನು ನೋಡಿದಾಗ ನೂರಕ್ಕೆ 95ರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಇತ್ತು. ನಾಲ್ಕು ವರ್ಷದ ಮಗುವಿಗೆ ಆಟ ಯಾವುದು, ಜಾಹೀರಾತು ಯಾವುದು ಎಂದು ತಿಳಿಯುವುದಿಲ್ಲ. ಮಿನುಗಿದ್ದನ್ನೆಲ್ಲ ಅದು ಒತ್ತುತ್ತದೆ.

ಒಳ್ಳೆಯ ಆಟವನ್ನು ಗುರುತಿಸಲು ನಮಗೆ ಸಂಶೋಧಕರೇ ಬೇಕಿಲ್ಲ. ಮಗುವಿನ ಪಕ್ಕ ಕೂತು ಒಂದು ಸಲ ಆಡಿ ನೋಡಿ. ಪ್ರತಿ ಒತ್ತಿಗೂ ಚಪ್ಪಾಳೆ, ಪಟಾಕಿ, ನಕ್ಷತ್ರ ಸುರಿಯುತ್ತಿದ್ದರೆ ಮಗು ಚಪ್ಪಾಳೆಗಾಗಿ ಒತ್ತುತ್ತಿದೆ ಎಂದರ್ಥ. ಮಗು ತಡೆದು ಯೋಚಿಸುವಷ್ಟು ಹೊತ್ತು ಆಟ ಕಾಯುತ್ತದೆಯೇ? ಒಂದು ಕಥೆಗೆ, ಒಂದು ಆಟಕ್ಕೆ ಕೊನೆಯಿದೆಯೇ, ಅಥವಾ ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆಯೇ? ಕೊನೆಯಿಲ್ಲದ್ದನ್ನು ತೆಗೆದುಹಾಕಿ. ದುಡ್ಡು ಕೊಟ್ಟು ಕೋರ್ಸ್ ಸಮೇತ ಟ್ಯಾಬ್ ಕೊಳ್ಳುವವರಿಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ಸಲಹಾಪತ್ರದ ಒಂದು ಮಾತು ಮುಖ್ಯ: ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಂತು ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ಕೊಡಬೇಡಿ. ಶುಂಠಿಯ ಬೆಲೆ ಬಿದ್ದ ವರ್ಷ ಕಂತು ಬೀಳುವುದಿಲ್ಲ.

ತಪ್ಪು ಕಲ್ಪನೆ: ಮೂರು ವರ್ಷಕ್ಕೇ ಟ್ಯಾಬಿನಲ್ಲಿ ಅ, ಆ, ಇ, ಈ ತಿದ್ದಿದರೆ ಒಂದನೇ ತರಗತಿಗೆ ಹೋಗುವಷ್ಟರಲ್ಲಿ ಓದು ಬರಹ ಮುಗಿದಿರುತ್ತದೆ.

ವಾಸ್ತವ: ಬಳ್ಳಿಗಾವಿ, ತಾಳಗುಂದದಂಥ ವಿದ್ಯಾಕೇಂದ್ರಗಳಿದ್ದ ಸೀಮೆ ಇದು. ಅಕ್ಷರದ ಮೇಲಿನ ಆಸೆ ನಮ್ಮಲ್ಲಿ ಇಂದು ನಿನ್ನೆಯದಲ್ಲ, ಅದು ಒಳ್ಳೆಯದೇ. ಆದರೆ ಕನ್ನಡದ ಅಕ್ಷರ ಕಲಿಯಲು ಕಾಲ ಬೇಕು. ವರ್ಣಮಾಲೆಯ 49 ಅಕ್ಷರ ಬರೀ ಬಾಗಿಲು. ಅದರಾಚೆ ಕಾಗುಣಿತ, ಅದರಾಚೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸೊನಾಲಿ ನಾಗ್ ಅವರ 2007ರ ಅಧ್ಯಯನದ ಪ್ರಕಾರ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ನಾಲ್ಕನೇ ತರಗತಿಯಾದರೂ ಬೇಕು, ಕೆಲವರಿಗೆ ಅದಕ್ಕೂ ಹೆಚ್ಚು. ಇದು ಮಕ್ಕಳ ದಡ್ಡತನವಲ್ಲ. ನಮ್ಮ ಲಿಪಿ ಅಷ್ಟು ಶ್ರೀಮಂತವಾಗಿದೆ. ಮೂರು ವರ್ಷಕ್ಕೆ ಅವಸರ ಮಾಡಿ ಗಳಿಸುವುದು ಏನೂ ಇಲ್ಲ.

ಗಾಜಿನ ಮೇಲೆ ಬೆರಳು ಎಳೆದರೆ ಬರಹ ಬಂದಂತೆಯೂ ಅಲ್ಲ. ಓದಲು ಬಾರದ ಐದು ವರ್ಷದ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ 2012ರ ಅಧ್ಯಯನವೊಂದಿದೆ. ಕೆಲವು ಅಕ್ಷರಗಳನ್ನು ಕೈಯಿಂದ ಬರೆಸಿದರು, ಕೆಲವನ್ನು ಚುಕ್ಕೆಗಳ ಮೇಲೆ ತಿದ್ದಿಸಿದರು, ಕೆಲವನ್ನು ಕೀಲಿ ಒತ್ತಿಸಿದರು. ತಾವಾಗಿ, ಸೊಟ್ಟಪಟ್ಟವಾಗಿಯಾದರೂ ಬರೆದ ಅಕ್ಷರಗಳನ್ನು ನೋಡಿದಾಗ ಮಾತ್ರ ಓದಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಎಚ್ಚರಗೊಂಡವು. ಸ್ಲೇಟು, ಬಳಪ, ಅಂಗಳದ ಮಣ್ಣು ಇಂದಿಗೂ ಕೆಲಸಕ್ಕೆ ಬರುತ್ತವೆ. ಈ ವಯಸ್ಸಿನಲ್ಲಿ ಅಕ್ಷರಕ್ಕಿಂತ ಮೊದಲು ಬರಬೇಕಾದದ್ದು ಕಥೆ, ಪ್ರಾಸ, ಪದ. ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರ ಶಿಶುಗೀತೆಗಳನ್ನು ಬಾಯಿತುಂಬ ಹಾಡುವ ಮಗು ಓದಿಗೆ ಸಿದ್ಧವಾಗುತ್ತಿರುತ್ತದೆ. ಮನೆಯಲ್ಲಿ ಪುಸ್ತಕ ಇಲ್ಲವೆಂದರೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಇದೆ. ಅಲ್ಲಿ ಕನ್ನಡದ ಮಕ್ಕಳ ಕಥೆಗಳು ಚಿತ್ರಸಮೇತ ಉಚಿತವಾಗಿ ಸಿಗುತ್ತವೆ. ಟ್ಯಾಬಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನಮಗೆ ಕಂಡಿಲ್ಲ. ಆದರೆ ಕಥೆಯನ್ನು ಓದಿ ಹೇಳುವವರು ನೀವಾಗಬೇಕು.

ತಪ್ಪು ಕಲ್ಪನೆ: ಆಟ ಇಂಗ್ಲಿಷಿನಲ್ಲಿದ್ದರೆ ಮಗುವಿಗೆ ಕಾನ್ವೆಂಟಿನ ಇಂಗ್ಲಿಷ್ ಮನೆಯಲ್ಲೇ ಸಿಗುತ್ತದೆ.

ವಾಸ್ತವ: ಸಿಗುವುದು ಬಣ್ಣದ ಹೆಸರು, ಪ್ರಾಣಿಯ ಹೆಸರು, ಒಂದು ಹಾಡು. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ ಅಥವಾ ಉರ್ದು, ಅಂಗನವಾಡಿಯಲ್ಲಿ ಕನ್ನಡ. ಅವು ಎರಡನ್ನೂ ಸಲೀಸಾಗಿ ಕಲಿಯುತ್ತವೆ, ಏಕೆಂದರೆ ಎರಡೂ ಕಡೆ ಮಾತಾಡಿಸುವ ಜನರಿದ್ದಾರೆ. ಮೂರನೆಯ ಭಾಷೆಯೂ ಹಾಗೆಯೇ ಬರಬೇಕು. ಯಾರೂ ಮಾತಾಡದ ಭಾಷೆಯನ್ನು ಪೆಟ್ಟಿಗೆಯೊಂದೇ ಕಲಿಸಲಾರದು.

ತಪ್ಪು ಕಲ್ಪನೆ: ಸರ್ಕಾರವೇ ಅಂಗನವಾಡಿಗೆ ಮೊಬೈಲ್ ಕೊಟ್ಟಿದೆ. ಕೊರೊನಾ ಕಾಲದಲ್ಲಿ ಎಲ್‌ಕೆಜಿಗೂ ಆನ್‌ಲೈನ್ ಪಾಠ ನಡೆಯಿತು, ನ್ಯಾಯಾಲಯವೂ ಒಪ್ಪಿತು. ಒಳ್ಳೆಯದಲ್ಲದಿದ್ದರೆ ಹೀಗಾಗುತ್ತಿತ್ತೇ?

ವಾಸ್ತವ: ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿರುವ ಫೋನು ಮಕ್ಕಳಿಗೆ ಕೊಟ್ಟದ್ದಲ್ಲ. ಮಗುವಿನ ತೂಕ, ಎತ್ತರ, ಹಾಜರಿ, ಆಹಾರವನ್ನು ದಾಖಲಿಸಲು 2021ರಿಂದ ಬಂದಿರುವ ಪೋಷಣ್ ಟ್ರ್ಯಾಕರ್‌ಗಾಗಿ ಅದು. ಅಂಗನವಾಡಿಯಲ್ಲಿ ಮಕ್ಕಳಿಗೆ ನಡೆಸುವ ಚಿಲಿಪಿಲಿ ಪಠ್ಯಕ್ರಮ ಹಾಡು, ಕಥೆ, ಆಟ, ಕೈಕೆಲಸಗಳ ಮೇಲೆ ನಿಂತಿದೆ.

2020ರ ಕಥೆಯನ್ನು ಸರಿಯಾಗಿ ನೆನಪಿಡಬೇಕು. ಆ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ನಿಮ್ಹಾನ್ಸ್‌ನ ಅಭಿಪ್ರಾಯ ಪಡೆದು ಎಲ್‌ಕೆಜಿಯಿಂದ ಐದನೇ ತರಗತಿಯವರೆಗೆ ಆನ್‌ಲೈನ್ ತರಗತಿಗಳನ್ನು ನಿಲ್ಲಿಸಿತು. ಜುಲೈನಲ್ಲಿ ಹೈಕೋರ್ಟ್ ಸರ್ಕಾರದ ಆದೇಶಗಳಿಗೆ ತಡೆ ಕೊಟ್ಟಿತು. ಶಾಲೆಗಳು ಮುಚ್ಚಿರುವಾಗ ಶಿಕ್ಷಣದ ಹಕ್ಕಿಗೆ ಅಡ್ಡಿಯಾಗಬಾರದು ಎಂಬುದು ಅಲ್ಲಿದ್ದ ಪ್ರಶ್ನೆ. ಮೂರು ವರ್ಷದ ಮಗುವಿಗೆ ಪರದೆ ಒಳ್ಳೆಯದು ಎಂದು ಯಾವ ನ್ಯಾಯಾಲಯವೂ ತೀರ್ಪು ಕೊಡಲಿಲ್ಲ. ಅದೇ ಜುಲೈನಲ್ಲಿ ಬಂದ ಕೇಂದ್ರದ ಪ್ರಜ್ಞಾತಾ ಮಾರ್ಗಸೂಚಿ ಪೂರ್ವ ಪ್ರಾಥಮಿಕಕ್ಕೆ ದಿನಕ್ಕೆ 30 ನಿಮಿಷದ ಮಿತಿ ಹಾಕಿತು, ಅದೂ ಪೋಷಕರೊಡನೆ ಮಾತಾಡಿ ಅವರಿಗೆ ದಾರಿ ತೋರಿಸುವುದಕ್ಕೆ. ಆ ಅರ್ಧ ಗಂಟೆ ನಮಗಾಗಿ ಇತ್ತು. ಇದನ್ನು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ.

ತಪ್ಪು ಕಲ್ಪನೆ: ಕಲಿಯುವ ಆಟಕ್ಕೆ ಸಮಯದ ಲೆಕ್ಕವಿಲ್ಲ.

ವಾಸ್ತವ: ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಒಂದು ವರ್ಷದೊಳಗೆ ಪರದೆ ಬೇಡವೇ ಬೇಡ, ಒಂದು ವರ್ಷದ ಮಗುವಿಗೂ ಸಲ್ಲದು, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಭಾರತದ ಮಕ್ಕಳ ತಜ್ಞರ ಸಂಘ ಎರಡು ವರ್ಷದೊಳಗೆ ಪೂರ್ತಿ ಬೇಡ, ಐದರವರೆಗೆ ದೊಡ್ಡವರ ಕಣ್ಣೆದುರು ಒಂದು ಗಂಟೆ ಮೀರಬಾರದು ಎನ್ನುತ್ತದೆ. ಮಗು ಕೂತು ನೋಡುವ ಟೀವಿ ಧಾರಾವಾಹಿಯೂ ಆ ಗಂಟೆಯೊಳಗೇ.

ತಪ್ಪು ಕಲ್ಪನೆ: ಟ್ಯಾಬಿನ ವಿಕಿರಣದಿಂದ ಎಳೆ ಮಿದುಳು ಬೇಯುತ್ತದೆ, ನೀಲಿ ಬೆಳಕಿನಿಂದ ಕಣ್ಣು ಸುಟ್ಟುಹೋಗುತ್ತದೆ.

ವಾಸ್ತವ: ಈ ಭಯ ಮಗುವಿನ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು, ಆದರೆ ಗುರಿ ತಪ್ಪಿದೆ. ಟ್ಯಾಬ್ ಹೊರಸೂಸುವ ರೇಡಿಯೊ ತರಂಗಗಳಿಗೆ ಎಕ್ಸ್-ರೇ ಕಿರಣಗಳಂತೆ ಜೀವಕೋಶದ ಒಳಗನ್ನು ಒಡೆಯುವ ಶಕ್ತಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಪರದೆಯ ಬೆಳಕು ಕಣ್ಣನ್ನು ಸುಡುವುದೂ ಇಲ್ಲ; ಮಲಗುವ ಹೊತ್ತಿನಲ್ಲಿ ನಿದ್ದೆಯನ್ನು ಮುಂದೂಡುತ್ತದೆ. ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು.

ಕಣ್ಣಿಗೆ ನಿಜವಾದ ತೊಂದರೆ ಬರುವುದು ಹತ್ತಿರದ ನೋಟ ಹೆಚ್ಚಾಗಿ ಹೊರಗಿನ ಬೆಳಕು ಕಡಿಮೆಯಾದಾಗ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಮೂರು ವರ್ಷ ಪರೀಕ್ಷಿಸಿದರು. ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆದ ಒಂದನೇ ತರಗತಿಯ ಮಕ್ಕಳಲ್ಲಿ ಸಮೀಪದೃಷ್ಟಿ ಬಂದದ್ದು ನೂರಕ್ಕೆ ಸುಮಾರು 30 ಮಂದಿಗೆ, ಉಳಿದ ಶಾಲೆಗಳಲ್ಲಿ ಸುಮಾರು 40 ಮಂದಿಗೆ. ನಮ್ಮ ಮಕ್ಕಳಿಗೆ ಕಣ, ಅಂಗಳ, ಕೆರೆ ಏರಿ ಎಲ್ಲ ಇವೆ. ಇಷ್ಟೆಲ್ಲ ಇದ್ದೂ ಮಗುವನ್ನು ಒಳಗೆ ಕೂರಿಸುವುದು ನೋವಿನ ಸಂಗತಿ.

ತಪ್ಪು ಕಲ್ಪನೆ: ಹಟ ಮಾಡುವ ಮಗುವಿಗೆ, ಊಟ ಮಾಡದ ಮಗುವಿಗೆ ಟ್ಯಾಬ್ ಕೊಟ್ಟರೆ ಸ್ವಭಾವವೇ ಶಾಂತವಾಗುತ್ತದೆ.

ವಾಸ್ತವ: ಆ ಕ್ಷಣಕ್ಕೆ ಶಾಂತ, ನಿಜ. ಅಮೆರಿಕದಲ್ಲಿ ಮೂರರಿಂದ ಐದು ವರ್ಷದ 422 ಮಕ್ಕಳನ್ನು ಹಲವು ತಿಂಗಳು ಗಮನಿಸಿದ ಅಧ್ಯಯನದಲ್ಲಿ, ಅಳು ನಿಲ್ಲಿಸಲು ಪದೇ ಪದೇ ಫೋನ್ ಕೊಟ್ಟ ಮಕ್ಕಳಲ್ಲಿ, ಮುಖ್ಯವಾಗಿ ಗಂಡುಮಕ್ಕಳಲ್ಲಿ, ಸಿಡುಕು ಹೆಚ್ಚಿದ್ದು ಕಂಡಿತು. ಸಿಟ್ಟನ್ನು ತಾನೇ ಇಳಿಸಿಕೊಳ್ಳುವುದೂ ಮಗು ಕಲಿಯಬೇಕಾದ ಪಾಠ, ಫೋನು ಅದನ್ನು ತಪ್ಪಿಸುತ್ತದೆ. ಇನ್ನು ಎರಡು ನಿಮಿಷ ಅಷ್ಟೇ ಎಂದು ಮೊದಲೇ ಎಚ್ಚರಿಸಿದರೆ ಅಳು ಕಡಿಮೆಯಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. 2016ರ ಒಂದು ಅಧ್ಯಯನದಲ್ಲಿ ಅಂಥ ಎಚ್ಚರಿಕೆಯಿಂದ ರಂಪ ಹೆಚ್ಚೇ ಆಯಿತು. ದಿನವೂ ಅದೇ ಹೊತ್ತಿಗೆ ನಿಲ್ಲಿಸುವ ರೂಢಿ ಮತ್ತು ಆಟ ಸಹಜವಾಗಿ ಮುಗಿಯುವ ಜಾಗ, ಇವು ಫಲ ಕೊಟ್ಟವು.

ತಪ್ಪು ಕಲ್ಪನೆ: ಟ್ಯಾಬ್ ಕೊಡಿಸಲಾಗದ ಮನೆಯ ಮಗು ಹಿಂದೆ ಬೀಳುತ್ತದೆ.

ವಾಸ್ತವ: ಈ ಮಾತು ಕೂಲಿಗೆ ಹೋಗುವ ತಾಯಿಯನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ, ಅವಳನ್ನು ಸಾಲಕ್ಕೂ ದೂಡುತ್ತದೆ. ಹಳ್ಳಿಯ ಮಕ್ಕಳು ಟ್ಯಾಬಿನಿಂದಲೇ ಓದಲು ಕಲಿತ ಉದಾಹರಣೆಯಾಗಿ ಟಾಂಜಾನಿಯಾವನ್ನು ತೋರಿಸುತ್ತಾರೆ. 2019ರಲ್ಲಿ ಮುಗಿದ ಆ ಪ್ರಯೋಗ ನಿಜವೇ. ಆದರೆ ಆ ಮಕ್ಕಳು 7ರಿಂದ 11 ವರ್ಷದವರು, ಹೆಚ್ಚಿನವರು ಶಾಲೆಯ ಮುಖ ನೋಡದವರು. ನಮ್ಮ ಮೂರು ವರ್ಷದ ಮಗುವಿಗೆ ಅದು ಹೊಂದುವುದಿಲ್ಲ. ನಮ್ಮಲ್ಲಿ ಅಂಗನವಾಡಿ ಇದೆ. 1975ರಲ್ಲಿ ತಿ. ನರಸೀಪುರದಿಂದ ಶುರುವಾದ ಯೋಜನೆ ಇಂದು ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಕೇಂದ್ರಗಳಾಗಿ ಬೆಳೆದಿದೆ.

ಟ್ಯಾಬ್ ಇದ್ದರೆ ಇರಲಿ. ಪಕ್ಕದಲ್ಲಿ ಕೂತು ಹದಿನೈದು ನಿಮಿಷ ಎಣಿಕೆಯ ಆಟ ಆಡಿಸಿ, ಆಮೇಲೆ ಕಣಕ್ಕೆ ಕರೆದೊಯ್ದು ಮೆಕ್ಕೆಜೋಳದ ತೆನೆ ಎಣಿಸಿ. ತೆನೆಯನ್ನೇ ಎಣಿಸಿ, ಕಾಳು ಬೇಡ. ಪುಟ್ಟ ಮಕ್ಕಳು ಕಾಳನ್ನು ಮೂಗಿಗೆ ತುರುಕಿಕೊಳ್ಳುತ್ತಾರೆ. ಪರದೆಯ ಐದು ಮತ್ತು ತೆನೆಯ ಐದು ಒಂದೇ ಎಂದು ಮಗುವಿಗೆ ತಿಳಿಯುವುದು ಅಲ್ಲಿ. ಅಡಿಕೆ ಸುಲಿಯುತ್ತ ಕಥೆ ಹೇಳುವ ತಾಯಿ ಯಾವ ಆ್ಯಪಿಗಿಂತಲೂ ಕಡಿಮೆ ಕಲಿಸುತ್ತಿಲ್ಲ. ಕೈಗೆ ಕೆಲಸವಿದ್ದರೂ ಬಾಯಿ ಬಿಡುವಾಗಿರುತ್ತದೆ.

ತಪ್ಪು ಕಲ್ಪನೆ: ಟ್ಯಾಬ್ ನೋಡಿದ್ದರಿಂದಲೇ ಮಗುವಿಗೆ ಆಟಿಸಂ ಬರುತ್ತದೆ, ಟ್ಯಾಬ್ ಕಿತ್ತುಕೊಂಡರೆ ತಾನಾಗಿ ಹೋಗುತ್ತದೆ. ಗಂಡುಮಗುವಾದರೆ ಮಾತು ತಡವಾಗುವುದು ಸಹಜ, ಕಾಯಬೇಕು.

ವಾಸ್ತವ: ಆಟಿಸಂ ಮಿದುಳಿನ ಬೆಳವಣಿಗೆಯ ಭಿನ್ನತೆ, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಟ್ಯಾಬ್ ಅದನ್ನು ತರುವುದಿಲ್ಲ, ಯಾರ ದೃಷ್ಟಿಯೂ ತರುವುದಿಲ್ಲ, ತಾಯಿ ಫೋನ್ ಕೊಟ್ಟಳೆಂದು ಬರುವುದಿಲ್ಲ. ತಾಯಂದಿರ ತಲೆಗೆ ಈ ಅಪವಾದ ಕಟ್ಟುವುದನ್ನು ನಾವು ನಿಲ್ಲಿಸಬೇಕು. ಪರದೆ ಕಡಿಮೆ ಮಾಡಿದರೆ ಮಾತುಕತೆ ಹೆಚ್ಚುತ್ತದೆ, ಅದು ಎಲ್ಲ ಮಕ್ಕಳಿಗೂ ಒಳ್ಳೆಯದು. ಆದರೆ ಅಷ್ಟಕ್ಕೇ ನಿಂತು ಕಾಯುತ್ತ ಕೂತರೆ ಮಗುವಿನ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಗಂಡುಮಕ್ಕಳು ಸರಾಸರಿಯಲ್ಲಿ ತುಸು ತಡವಾಗಿ ಮಾತಾಡಬಹುದು, ತುಸು ಮಾತ್ರ. ಎಷ್ಟೋ ಸಲ ಮಾತು ತಡವಾಗಲು ಕಾರಣ ಕಿವಿ ಕೇಳದಿರುವುದು. ಟ್ಯಾಬಿನ ಧ್ವನಿಯನ್ನು ಪೂರ್ತಿ ಏರಿಸಿ ಕೂರುವ ಮಗುವಿನ ಕಿವಿಯನ್ನು ಮೊದಲು ಪರೀಕ್ಷಿಸಬೇಕು.

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದ, ಒಂದೂವರೆ ವರ್ಷವಾದರೂ ಒಂದು ಪದವನ್ನೂ ಆಡದ, ಎರಡು ವರ್ಷವಾದರೂ ಎರಡು ಪದ ಕೂಡಿಸದ ಮಗು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ ಅಂಗನವಾಡಿ ಕಾರ್ಯಕರ್ತೆಗೆ ಇವತ್ತೇ ತಿಳಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ತಂಡ ಬರುವ ದಿನವನ್ನು ಕೇಳಿ ತಿಳಿದುಕೊಳ್ಳಿ, ಕೂಲಿ ಒಂದು ದಿನ ತಪ್ಪಿದರೂ ಸರಿ ಮಗುವನ್ನು ಕರೆದುಕೊಂಡು ಹೋಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇಂಥ ಮಕ್ಕಳಿಗಾಗಿಯೂ ಕೆಲಸ ಮಾಡುತ್ತಿದೆ. ಅಂಗನವಾಡಿಯ ತಪಾಸಣೆಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.